ನೆರೆಯವನಿಗೆ ಕಾನೂನಿನಲ್ಲಿ ಸ್ಥಾನ ಕೊಟ್ಟ ನ್ಯಾಯಮೂರ್ತಿ ಲಾರ್ಡ್ ಅಟ್ಕಿನ್

ಹುಬ್ಬಳ್ಳಿಯಲ್ಲಿ ಓದಲಿ, ಮಂಗಳೂರಿನಲ್ಲಿ ಓದಲಿ, ಕಾನೂನು ಕಾಲೇಜಿನ ಮೊದಲ ವರ್ಷಕ್ಕೆ ಕಾಲಿಟ್ಟ ವಿದ್ಯಾರ್ಥಿಗೆ ಬಹುಬೇಗ ಪರಿಚಯವಾಗುವ ಹೆಸರುಗಳಲ್ಲಿ ಲಾರ್ಡ್ ಅಟ್ಕಿನ್ ಅವರದೂ ಒಂದು. ಟಾರ್ಟ್ ಎಂದೇ ರೂಢಿಯಲ್ಲಿರುವ ಅಪಕೃತ್ಯ ಕಾನೂನಿನ ಪಠ್ಯಪುಸ್ತಕಗಳು ಅವರ 1932ರ ತೀರ್ಪನ್ನು ಬಿಟ್ಟು ಮುಂದೆ ಸಾಗುವುದಿಲ್ಲ. ಸಂವಿಧಾನ ಕಾನೂನಿನ ತರಗತಿಯಲ್ಲಿ ಅದೇ ಹೆಸರು ಮತ್ತೊಮ್ಮೆ ಕೇಳಿಬರುತ್ತದೆ. ಅಲ್ಲಿ ಪ್ರಸ್ತಾಪವಾಗುವುದು 1941ರ ಅವರ ಭಿನ್ನ ತೀರ್ಪು. ಮೊದಲನೆಯದು ಪಾನೀಯದ ಬಾಟಲಿಗೆ ಸಂಬಂಧಿಸಿದ್ದು, ಎರಡನೆಯದು ಸೆರೆಮನೆಗೆ ಸಂಬಂಧಿಸಿದ್ದು. ಮೇಲ್ನೋಟಕ್ಕೆ ದೂರದೂರವಿರುವ ಈ ಎರಡೂ ವ್ಯಾಜ್ಯಗಳಲ್ಲಿ ಅವರ ಮುಂದಿದ್ದ ಪ್ರಶ್ನೆ ಒಂದೇ ಆಗಿತ್ತು. ಒಬ್ಬರ ಕೃತ್ಯದಿಂದ ಇನ್ನೊಬ್ಬರಿಗೆ ಹಾನಿಯಾದಾಗ, ಹಾನಿ ಮಾಡಿದವರು ಯಾರಿಗೆ ಉತ್ತರ ಕೊಡಬೇಕು?

ಬ್ರಿಸ್ಬೇನ್‌ನಿಂದ ವೇಲ್ಸ್‌ಗೆ

ಜೇಮ್ಸ್ ರಿಚರ್ಡ್ ಅಟ್ಕಿನ್ 1867ರ ನವೆಂಬರ್ 28ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ಜನಿಸಿದರು. ತಂದೆ ರಾಬರ್ಟ್ ಐರ್ಲೆಂಡ್ ಮೂಲದವರು. ಪತ್ರಕರ್ತರಾಗಿದ್ದು ಕ್ವೀನ್ಸ್‌ಲ್ಯಾಂಡ್ ಶಾಸನಸಭೆಯ ಸದಸ್ಯರೂ ಆಗಿದ್ದರು. ಕ್ಷಯರೋಗಕ್ಕೆ ತುತ್ತಾಗಿ ಅವರು 1872ರಲ್ಲಿ ತೀರಿಕೊಂಡರು. ಅಷ್ಟರೊಳಗೆ ತಾಯಿ ಮೇರಿ ತಮ್ಮ ಮೂವರು ಗಂಡುಮಕ್ಕಳೊಡನೆ ವೇಲ್ಸ್‌ನಲ್ಲಿದ್ದ ತವರನ್ನು ಸೇರಿದ್ದರು. ಹಿರಿಯ ಮಗ ಅಟ್ಕಿನ್ ಬೆಳೆದದ್ದು ಬಹುಮಟ್ಟಿಗೆ ಅಜ್ಜಿಯ ಆಸರೆಯಲ್ಲಿ. ಹುಟ್ಟಿದ ನಾಡಿನ ನೆನಪು ಮಾಸಿ, ವೇಲ್ಸ್ ಅವರ ಪಾಲಿಗೆ ಸ್ವಂತ ನಾಡಾಯಿತು.

ಬ್ಯಾಂಗರ್ ಮತ್ತು ಬ್ರೆಕನ್ ಪಟ್ಟಣಗಳ ಶಾಲೆಗಳಲ್ಲಿ ಕಲಿತು, ಆಕ್ಸ್‌ಫರ್ಡ್‌ನ ಮಾಡ್ಲಿನ್ ಕಾಲೇಜಿನಲ್ಲಿ ಪದವಿ ಪೂರೈಸಿದ ಅವರು 1891ರಲ್ಲಿ ಗ್ರೇಸ್ ಇನ್ ಮೂಲಕ ವಕೀಲಿ ವೃತ್ತಿಗೆ ಸೇರಿದರು. ವಾಣಿಜ್ಯ ಕಾನೂನಿನಲ್ಲಿ ಹೆಸರಾಗಿದ್ದ ಸ್ಕ್ರಟನ್ ಅವರ ಬಳಿ ಕೆಲಸ ಕಲಿತರು. ಆರಂಭದಲ್ಲಿ ಕಕ್ಷಿದಾರರು ವಿರಳವಾಗಿದ್ದರು. 1893ರಲ್ಲಿ ಲೂಸಿ ಎಲಿಜಬೆತ್ ಹೆಮಂಟ್ ಅವರನ್ನು ವಿವಾಹವಾದರು. ಆಕೆಯೂ ಬ್ರಿಸ್ಬೇನ್‌ನಲ್ಲಿ ಜನಿಸಿದವರೆಂಬುದು ವಿಶೇಷ. ದಂಪತಿಗೆ ಆರು ಹೆಣ್ಣುಮಕ್ಕಳು, ಇಬ್ಬರು ಗಂಡುಮಕ್ಕಳು. ಮೊದಲನೆಯ ಮಹಾಯುದ್ಧ ಒಬ್ಬ ಮಗನನ್ನು ಬಲಿ ತೆಗೆದುಕೊಂಡಿತು.

ಶ್ರಮದಿಂದ ವೃತ್ತಿ ಬೆಳೆಯಿತು. ಅಟ್ಕಿನ್ 1913ರಲ್ಲಿ ಹೈಕೋರ್ಟ್ ನ್ಯಾಯಮೂರ್ತಿಯಾದರು, 1919ರಲ್ಲಿ ಮೇಲ್ಮನವಿ ನ್ಯಾಯಾಲಯಕ್ಕೆ ಬಡ್ತಿ ಪಡೆದರು. 1928ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವೂ ಆಗಿದ್ದ ಲಾರ್ಡ್ಸ್ ಸಭೆಗೆ ನೇಮಕಗೊಂಡು, ತಾವು ಪ್ರೀತಿಸಿದ ವೇಲ್ಸ್‌ನ ಕಡಲತೀರದ ಊರಾದ ಅಬರ್‌ಡವಿಯ ಹೆಸರನ್ನೇ ತಮ್ಮ ಬಿರುದಿಗೆ ಸೇರಿಸಿಕೊಂಡರು.

ಸಿವಿಲ್ ತಪ್ಪು ಎಂದರೇನು?

ಅವರ ಸಾಧನೆಯನ್ನು ಅರಿಯಲು ಕಾನೂನಿನ ಒಂದು ಮೂಲ ಭೇದವನ್ನು ತಿಳಿದಿರಬೇಕು. ಕಳ್ಳತನ, ಕೊಲೆಯಂತಹ ಅಪರಾಧಗಳಲ್ಲಿ ಸರ್ಕಾರವೇ ಮುಂದೆ ನಿಂತು ಮೊಕದ್ದಮೆ ನಡೆಸುತ್ತದೆ. ಅಲ್ಲಿ ಆರೋಪ ಸಂಶಯಾತೀತವಾಗಿ ಸಾಬೀತಾಗಬೇಕು, ಫಲ ಶಿಕ್ಷೆ. ಸಿವಿಲ್ ವ್ಯಾಜ್ಯದಲ್ಲಿ ನೊಂದ ವ್ಯಕ್ತಿಯೇ ವಾದಿಯಾಗಿ ದಾವೆ ಹೂಡುತ್ತಾನೆ. ಎರಡು ಕಡೆಯ ಸಾಕ್ಷ್ಯವನ್ನು ತೂಗಿ ನೋಡಿದಾಗ ಯಾರ ಮಾತು ಹೆಚ್ಚು ಸಂಭವನೀಯ ಎಂಬುದಷ್ಟೇ ಅಲ್ಲಿ ಸಾಕು. ಫಲ ಸಾಮಾನ್ಯವಾಗಿ ಪರಿಹಾರಧನ.

ಸಿವಿಲ್ ಹೊಣೆಗಾರಿಕೆಗೆ ಎರಡು ಮುಖ್ಯ ದಾರಿಗಳಿವೆ. ಒಂದು ಕರಾರು, ಕೊಟ್ಟ ಮಾತನ್ನು ಮುರಿದವನು ಮಾತು ಪಡೆದವನಿಗೆ ಹೊಣೆ. ಮತ್ತೊಂದು ಅಪಕೃತ್ಯ; ಕರಾರಿಲ್ಲದಿದ್ದರೂ ಕಾನೂನು ವಿಧಿಸಿದ ಕರ್ತವ್ಯವನ್ನು ಮೀರಿ ಹಾನಿ ಮಾಡಿದವನು ಹೊಣೆ. ಮಾನಹಾನಿ, ಅತಿಕ್ರಮ ಪ್ರವೇಶ, ಅಕ್ರಮ ಬಂಧನ, ನಿರ್ಲಕ್ಷ್ಯ ಇವೆಲ್ಲ ಎರಡನೆಯ ವರ್ಗಕ್ಕೆ ಸೇರುತ್ತವೆ.

ಈ ಎರಡೂ ದಾರಿಗಳಲ್ಲಿ ಅಟ್ಕಿನ್ ಅವರ ಹೆಜ್ಜೆಗುರುತುಗಳಿವೆ. ಶ್ರೀಲಂಕಾದಲ್ಲಿ ಉದ್ಯೋಗದಲ್ಲಿದ್ದ ಪತಿ ತಿಂಗಳಿಗೆ 30 ಪೌಂಡ್ ಕೊಡುವುದಾಗಿ ಪತ್ನಿಗೆ ನೀಡಿದ್ದ ಮಾತು ಕಾನೂನುಬದ್ಧ ಕರಾರಲ್ಲ ಎಂದು 1919ರ ಬಾಲ್ಫರ್ ಪ್ರಕರಣದಲ್ಲಿ ಅವರಿದ್ದ ಪೀಠ ತೀರ್ಮಾನಿಸಿತು. ಸಂಸಾರದೊಳಗಿನ ಒಪ್ಪಂದಗಳಿಗೆ ನ್ಯಾಯಾಲಯದ ಬಾಗಿಲು ತೆರೆಯಬಾರದೆಂಬುದು ಅವರ ನಿಲುವಾಗಿತ್ತು. ಮನೆಯೊಳಗಿನ ಹೆಣ್ಣುಮಕ್ಕಳನ್ನು ಈ ನಿಲುವು ಅಸಹಾಯಕರನ್ನಾಗಿಸಿತೆಂದು ನಂತರದ ಪೀಳಿಗೆಯ ವಿದ್ವಾಂಸರು ಟೀಕಿಸಿದ್ದುಂಟು. ಅದೇ ಅವಧಿಯ ಮೀರಿಂಗ್ ಪ್ರಕರಣದಲ್ಲಿ, ತಾನು ಬಂಧನದಲ್ಲಿದ್ದೇನೆಂಬ ಅರಿವೇ ಇಲ್ಲದ ವ್ಯಕ್ತಿಯೂ ಅಕ್ರಮ ಬಂಧನದ ವಿರುದ್ಧ ದಾವೆ ಹೂಡಬಹುದೆಂದು ಅವರು ಅಭಿಪ್ರಾಯಪಟ್ಟರು.

ಪೇಸ್ಲಿಯ ಬಾಟಲಿ

1928ರ ಆಗಸ್ಟ್ 26ರ ಸಂಜೆ, ಸ್ಕಾಟ್ಲೆಂಡಿನ ಪೇಸ್ಲಿ ಪಟ್ಟಣದ ವೆಲ್‌ಮೆಡೋ ಕೆಫೆ. ಮೇ ಡೊನೊಹ್ಯೂ ಎಂಬ ಮಹಿಳೆಗೆ ಅವರ ಜೊತೆಗಿದ್ದ ಸ್ನೇಹಿತರೊಬ್ಬರು ಐಸ್‌ಕ್ರೀಮ್ ಮತ್ತು ಜಿಂಜರ್ ಬಿಯರ್ ಎಂಬ ಶುಂಠಿ ಪಾನೀಯವನ್ನು ಕೊಡಿಸಿದರು. ಬಾಟಲಿಯ ಗಾಜು ಅಪಾರದರ್ಶಕವಾಗಿತ್ತು. ಸ್ವಲ್ಪ ಕುಡಿದ ಬಳಿಕ ಉಳಿದದ್ದನ್ನು ಸುರಿದಾಗ ಕೊಳೆತ ಬಸವನಹುಳು ಹೊರಬಿತ್ತೆಂಬುದು ಡೊನೊಹ್ಯೂ ಅವರ ದೂರು. ಅವರು ಹೊಟ್ಟೆಬೇನೆಯಿಂದ ಅಸ್ವಸ್ಥರಾಗಿ ಆಸ್ಪತ್ರೆ ಸೇರಿದರು. ಪಾನೀಯ ತಯಾರಕ ಡೇವಿಡ್ ಸ್ಟೀವನ್‌ಸನ್ ವಿರುದ್ಧ 500 ಪೌಂಡ್ ಪರಿಹಾರ ಕೋರಿ ದಾವೆ ಹೂಡಿದರು.

ಅವರ ದಾರಿಗೆ ಅಡ್ಡವಾಗಿದ್ದುದು ಕರಾರಿನ ಪ್ರಶ್ನೆ. ಹಣ ಕೊಟ್ಟವರು ಸ್ನೇಹಿತರು. ಹೀಗಾಗಿ ಡೊನೊಹ್ಯೂ ಅವರಿಗೆ ಕೆಫೆಯ ಮಾಲೀಕನೊಡನೆ ಕರಾರಿರಲಿಲ್ಲ, ತಯಾರಕನೊಡನೆಯಂತೂ ಇರಲೇ ಇಲ್ಲ. ಕೆಟ್ಟುಹೋದ ಅಂಚೆಬಂಡಿಯಿಂದ ಗಾಯಗೊಂಡ ಚಾಲಕನಿಗೆ, ಬಂಡಿಯ ನಿರ್ವಹಣೆಯ ಕರಾರಿನಲ್ಲಿ ಅವನು ಪಕ್ಷಗಾರನಲ್ಲವೆಂಬ ಕಾರಣಕ್ಕೆ 1842ರಲ್ಲಿಯೇ ಪರಿಹಾರ ನಿರಾಕರಿಸಲಾಗಿತ್ತು. ಬಾಟಲಿಯಲ್ಲಿ ಸತ್ತ ಇಲಿ ಸಿಕ್ಕಿತೆಂದು ಹೂಡಿದ್ದ ಮತ್ತೊಂದು ಪಾನೀಯ ಕಂಪನಿಯ ವಿರುದ್ಧದ ದಾವೆಗಳು ಸ್ಕಾಟ್ಲೆಂಡಿನಲ್ಲಿ 1929ರಲ್ಲಿಯಷ್ಟೇ ಬಿದ್ದುಹೋಗಿದ್ದವು. ಆ ದಾವೆಗಳನ್ನು ನಡೆಸಿದ್ದ ವಕೀಲ ವಾಲ್ಟರ್ ಲೀಚ್‌ಮನ್ ಅವರೇ ಡೊನೊಹ್ಯೂ ಪರವಾಗಿಯೂ ನಿಂತರು.

ಎಡಿನ್‌ಬರೋದ ಮೊದಲ ಹಂತದಲ್ಲಿ ಗೆಲುವು, ಮೇಲ್ಮನವಿಯಲ್ಲಿ ಸೋಲು. ಕೊನೆಗೆ ಲಾರ್ಡ್ಸ್ ಸಭೆಗೆ ಹೋಗಬೇಕಾಯಿತು. ತಮ್ಮ ಒಟ್ಟು ಆಸ್ತಿ 5 ಪೌಂಡ್ ಕೂಡ ಬಾಳದೆಂದು ಪ್ರಮಾಣಪತ್ರ ಸಲ್ಲಿಸಿ, ಬಡಕಕ್ಷಿದಾರಳಾಗಿ ಮೇಲ್ಮನವಿ ಹೂಡಲು ಆಕೆ ಅನುಮತಿ ಪಡೆದರು.

1932ರ ಮೇ 26ರಂದು ಐವರು ನ್ಯಾಯಮೂರ್ತಿಗಳ ಪೀಠ 3-2 ಬಹುಮತದಿಂದ ಆಕೆಯ ಪರ ತೀರ್ಪಿತ್ತಿತು. ನೆರೆಯವನನ್ನು ಪ್ರೀತಿಸಬೇಕೆಂಬ ಬೈಬಲ್ಲಿನ ಬೋಧೆಯನ್ನು ಅಟ್ಕಿನ್ ಕಾನೂನಿನ ಭಾಷೆಗೆ ತಂದರು. ನೆರೆಯವನಿಗೆ ಹಾನಿ ಮಾಡಬಾರದೆಂಬುದು ಕಾನೂನಿನ ರೂಪವಾದರೆ, ಆ ನೆರೆಯವನು ಯಾರು? ನಮ್ಮ ಕೃತ್ಯದಿಂದ ಯಾರಿಗೆ ನೇರವಾಗಿ ಬಾಧೆ ತಟ್ಟಬಹುದೆಂದು ನಾವು ಮುಂಚಿತವಾಗಿ ಯೋಚಿಸಬೇಕಿತ್ತೋ ಅವನೇ ನೆರೆಯವನೆಂದು ಅವರು ವಿವರಿಸಿದರು. ಮಧ್ಯೆ ಯಾರೂ ಪರೀಕ್ಷಿಸಲಾಗದಂತೆ ಮುಚ್ಚಿದ ಬಾಟಲಿಯನ್ನು ಮಾರುಕಟ್ಟೆಗೆ ಬಿಡುವ ತಯಾರಕನಿಗೆ, ಅದನ್ನು ಕಟ್ಟಕಡೆಗೆ ಕುಡಿಯುವ ವ್ಯಕ್ತಿಯ ಬಗ್ಗೆ ಎಚ್ಚರ ವಹಿಸುವ ಕರ್ತವ್ಯವಿದೆ ಎಂದಾಯಿತು. ಕರ್ತವ್ಯ, ಅದರ ಉಲ್ಲಂಘನೆ, ಅದರಿಂದಾದ ಹಾನಿ ಎಂದು ಇಂದು ವಿದ್ಯಾರ್ಥಿಗಳು ಕಂಠಪಾಠ ಮಾಡುವ ನಿರ್ಲಕ್ಷ್ಯದ ಮೂರು ಮೆಟ್ಟಿಲುಗಳಲ್ಲಿ ಮೊದಲನೆಯದು ಗಟ್ಟಿಯಾದದ್ದು ಇಲ್ಲಿ.

ಗಮನಿಸಬೇಕಾದ ಅಂಶವೊಂದಿದೆ. ಬಾಟಲಿಯಲ್ಲಿ ಬಸವನಹುಳು ಇತ್ತೇ ಎಂಬುದು ಯಾವ ನ್ಯಾಯಾಲಯದಲ್ಲಿಯೂ ಸಾಬೀತಾಗಲಿಲ್ಲ. ಲಾರ್ಡ್ಸ್ ಸಭೆ ತೀರ್ಮಾನಿಸಿದ್ದು ಕಾನೂನಿನ ಪ್ರಶ್ನೆಯನ್ನು ಮಾತ್ರ. ಅದೇ ವರ್ಷ ಸ್ಟೀವನ್‌ಸನ್ ನಿಧನರಾದರು. ಸಾಕ್ಷ್ಯ ವಿಚಾರಣೆಗೆ ಮೊದಲೇ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು.

ಯುದ್ಧಕಾಲದ ಒಂಟಿ ತೀರ್ಪು

ಎರಡನೆಯ ಮಹಾಯುದ್ಧದ ವೇಳೆ, ಶತ್ರುಗಳೊಡನೆ ಸಂಪರ್ಕವಿದೆಯೆಂದು ನಂಬಲು ಸಮಂಜಸ ಕಾರಣವಿದ್ದರೆ ಯಾರನ್ನಾದರೂ ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಅಧಿಕಾರ ಬ್ರಿಟನ್ನಿನ ಗೃಹಮಂತ್ರಿಗೆ ದೊರೆತಿತ್ತು. 1940ರಲ್ಲಿ ಬಂಧಿತರಾದ ರಾಬರ್ಟ್ ಲಿವರ್ಸಿಜ್, ಗೃಹಮಂತ್ರಿ ಸರ್ ಜಾನ್ ಆಂಡರ್ಸನ್ ವಿರುದ್ಧ ಅಕ್ರಮ ಬಂಧನದ ದಾವೆ ಹೂಡಿದರು. ಇದೂ ಅಪಕೃತ್ಯದ ಸಿವಿಲ್ ದಾವೆಯೇ ಎಂಬುದು ಉಲ್ಲೇಖಾರ್ಹ. ಬಂಧನಕ್ಕೆ ಇದ್ದ ಕಾರಣಗಳ ವಿವರ ಬೇಕೆಂಬುದು ಲಿವರ್ಸಿಜ್ ಅವರ ಕೋರಿಕೆಯಾಗಿತ್ತು.

1941ರ ನವೆಂಬರ್ 3ರಂದು ನಾಲ್ವರು ನ್ಯಾಯಮೂರ್ತಿಗಳು ಆ ಕೋರಿಕೆಯನ್ನು ತಳ್ಳಿಹಾಕಿದರು. ಮಂತ್ರಿ ಪ್ರಾಮಾಣಿಕವಾಗಿ ಕಾರಣವಿದೆಯೆಂದು ಭಾವಿಸಿದರೆ ಸಾಕೆಂಬುದು ಅವರ ಮತ. ಬಾಟಲಿ ಪ್ರಕರಣದಲ್ಲಿ ಅಟ್ಕಿನ್ ಜೊತೆಗಿದ್ದ ಲಾರ್ಡ್ ಮ್ಯಾಕ್‌ಮಿಲನ್ ಕೂಡ ಈಗ ಎದುರು ಪಾಳಯದಲ್ಲಿದ್ದರು. ಅಟ್ಕಿನ್ ಒಬ್ಬರೇ ಉಳಿದರು. ಕಾರಣವಿರುವುದು ಬೇರೆ, ಕಾರಣವಿದೆಯೆಂದು ಒಬ್ಬನು ಭಾವಿಸುವುದು ಬೇರೆ. ಮೊದಲನೆಯದನ್ನು ಪರೀಕ್ಷಿಸುವುದು ನ್ಯಾಯಾಲಯದ ಕೆಲಸ ಎಂದು ಅವರು ಬರೆದರು. ಯುದ್ಧದ ಸದ್ದಿನ ನಡುವೆಯೂ ಕಾನೂನು ಮೌನವಾಗಬಾರದು, ಪ್ರಜೆಯ ಸ್ವಾತಂತ್ರ್ಯದ ಪ್ರಶ್ನೆಯಲ್ಲಿ ನ್ಯಾಯಾಧೀಶರು ಸರ್ಕಾರಕ್ಕಿಂತಲೂ ಹೆಚ್ಚು ಸರ್ಕಾರದ ಪಕ್ಷಪಾತಿಗಳಾಗಬಾರದು ಎಂಬುದು ಅವರ ವಾದದ ತಿರುಳು.

ಲಾರ್ಡ್ ಚಾನ್ಸೆಲರ್ ತೀರ್ಪಿನ ವ್ಯಂಗ್ಯವನ್ನು ಕೈಬಿಡುವಂತೆ ಮುಂಚೆಯೇ ಸೂಚಿಸಿದ್ದರು, ಅಟ್ಕಿನ್ ಒಪ್ಪಲಿಲ್ಲ. ತೀರ್ಪು ಹೊರಬಿದ್ದ ಮೇಲೆ ಸಹೋದ್ಯೋಗಿ ಲಾರ್ಡ್ ಮಾಮ್ ಪತ್ರಿಕೆಗೆ ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ಪತ್ನಿಯನ್ನು 1939ರಲ್ಲಿ ಕಳೆದುಕೊಂಡಿದ್ದ ವೃದ್ಧ ನ್ಯಾಯಮೂರ್ತಿ ಸಹೋದ್ಯೋಗಿಗಳ ಮುನಿಸನ್ನು ಮೌನವಾಗಿ ಸಹಿಸಿದರು. 1944ರ ಜೂನ್ 25ರಂದು ಅಬರ್‌ಡವಿಯಲ್ಲಿ ನಿಧನರಾದರು. ತಮ್ಮ ಭಿನ್ನ ತೀರ್ಪಿಗೆ ಮನ್ನಣೆ ದೊರೆತದ್ದನ್ನು ಅವರು ಕಾಣಲಿಲ್ಲ. ಲಿವರ್ಸಿಜ್ ಪ್ರಕರಣದ ಬಹುಮತದ ತೀರ್ಪು ತಪ್ಪಾಗಿತ್ತೆಂದು ಲಾರ್ಡ್ಸ್ ಸಭೆಯಲ್ಲಿ ಲಾರ್ಡ್ ಡಿಪ್ಲಾಕ್ ಹೇಳುವ ಹೊತ್ತಿಗೆ 1979 ಬಂದಿತ್ತು.

ಭಾರತದ ನಂಟು

ವಸಾಹತುಗಳ ಮೇಲ್ಮನವಿ ಆಲಿಸುತ್ತಿದ್ದ ಪ್ರಿವಿ ಕೌನ್ಸಿಲ್‌ನಲ್ಲಿಯೂ ಅಟ್ಕಿನ್ ಕುಳಿತಿದ್ದರು. 1936ರಲ್ಲಿ ಟ್ರಿನಿಡಾಡ್‌ನ ಪತ್ರಿಕೆಯೊಂದರ ಮೇಲಿನ ನ್ಯಾಯಾಂಗ ನಿಂದನೆಯ ದಂಡವನ್ನು ರದ್ದುಪಡಿಸಿ, ತೀರ್ಪುಗಳನ್ನು ಸಾಮಾನ್ಯರೂ ಗೌರವದಿಂದ ವಿಮರ್ಶಿಸಬಹುದೆಂದರು. ಪುರಿ ರೈಲಿನ ಪೆಟ್ಟಿಗೆಯೊಂದರಲ್ಲಿ ಶವ ಪತ್ತೆಯಾದ ಪಾಕಾಲ ನಾರಾಯಣಸ್ವಾಮಿ ಪ್ರಕರಣದ 1939ರ ತೀರ್ಪು ಅವರದೇ. ತಪ್ಪೊಪ್ಪಿಗೆ ಎಂದರೇನು, ಮರಣಪೂರ್ವ ಹೇಳಿಕೆಯ ವ್ಯಾಪ್ತಿ ಎಷ್ಟು ಎಂಬುದನ್ನು ವಿವರಿಸುವ ಆ ತೀರ್ಪನ್ನು ನಮ್ಮ ಕಾನೂನು ವಿದ್ಯಾರ್ಥಿಗಳು ಸಾಕ್ಷ್ಯ ಕಾನೂನಿನ ಪಾಠದಲ್ಲಿ ಓದುತ್ತಾರೆ.

ಲಿವರ್ಸಿಜ್ ಪ್ರಕರಣದ ನೆರಳು ಕರ್ನಾಟಕದವರೆಗೂ ಚಾಚಿತು. 1975ರ ತುರ್ತುಪರಿಸ್ಥಿತಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿ ಮುಂತಾದವರು ಬೆಂಗಳೂರಿನಲ್ಲಿ ಬಂಧಿತರಾಗಿ ಕರ್ನಾಟಕ ಹೈಕೋರ್ಟ್ ಮೊರೆಹೊಕ್ಕರು. ಇಂತಹ ಅರ್ಜಿಗಳನ್ನು ವಿಚಾರಣೆಗೆ ಎತ್ತಿಕೊಳ್ಳಬಹುದೆಂದ ಹೈಕೋರ್ಟ್‌ಗಳಲ್ಲಿ ಕರ್ನಾಟಕದ್ದೂ ಒಂದು. ಎಡಿಎಂ ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1976ರ ಏಪ್ರಿಲ್ 28ರಂದು 4-1 ಬಹುಮತದಿಂದ ಆ ನಿಲುವನ್ನು ತಳ್ಳಿಹಾಕಿತು. ಲಂಡನ್ನಿನ ಹಳೆಯ ತೀರ್ಪು ಆ ವ್ಯಾಜ್ಯದಲ್ಲಿಯೂ ಚರ್ಚೆಗೆ ಬಂದಿತ್ತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿಸಿಕೊಂಡರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರಲ್ಲಿ ನೀಡಿದ ಖಾಸಗಿತನದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಜಬಲ್ಪುರ ತೀರ್ಪನ್ನು ತಳ್ಳಿಹಾಕಿತು.

ಬಾಟಲಿಯ ತೀರ್ಪಿನ ಫಲವಂತೂ ದಿನನಿತ್ಯದ್ದು. ಭಾರತದಲ್ಲಿ ಅಪಕೃತ್ಯಗಳಿಗೆ ಸಮಗ್ರ ಸಂಹಿತೆಯಿಲ್ಲ; ಈ ಕಾನೂನು ಬಹುಪಾಲು ತೀರ್ಪುಗಳಿಂದಲೇ ಬೆಳೆದುಬಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಉತ್ಪನ್ನ ಹೊಣೆಗಾರಿಕೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ದೋಷಪೂರಿತ ವಸ್ತುವಿನಿಂದಾದ ಹಾನಿಗೆ ತಯಾರಕನನ್ನು ನೇರವಾಗಿ ಹೊಣೆಯಾಗಿಸಿದೆ. ಇಂದು ಬಾಟಲಿಯಲ್ಲಿ ಹುಳು ಕಂಡವರು ತಯಾರಕನ ಮೇಲೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಸಲ್ಲಿಸಬಹುದು. 5 ಪೌಂಡ್ ಆಸ್ತಿಯೂ ಇಲ್ಲದ ಮಹಿಳೆಗೆ ಅದೇ ಹಕ್ಕನ್ನು ಪಡೆಯಲು ಮೂರು ಹಂತದ ನ್ಯಾಯಾಲಯಗಳನ್ನು ಏರಬೇಕಾಗಿತ್ತು. ತಯಾರಕನೂ ಮಂತ್ರಿಯೂ ತಮ್ಮಿಂದ ಬಾಧೆಗೊಳಗಾದವರಿಗೆ ನ್ಯಾಯಾಲಯದಲ್ಲಿ ಉತ್ತರ ಕೊಡಬೇಕು ಎಂಬ ನಂಬಿಕೆಯನ್ನು ಅಟ್ಕಿನ್ ಒಮ್ಮೆ ಒಂದು ಮತದ ಅಂತರದಿಂದ ಗೆಲ್ಲಿಸಿದರು, ಮತ್ತೊಮ್ಮೆ ಒಂಟಿಯಾಗಿ ನಿಂತು ಸೋತರು. ಆ ಸೋಲಿನ ತೀರ್ಪನ್ನೂ ನ್ಯಾಯಾಲಯಗಳು ಇಂದು ಗೆದ್ದ ತೀರ್ಪಿನಷ್ಟೇ ಗೌರವದಿಂದ ಓದುತ್ತವೆ.