ವಿಶ್ವೇಶ್ವರಯ್ಯನವರ ಹೃದಯ ಮತ್ತು ವಿವೇಕ

ಸರ್ ಎಂ. ವಿಶ್ವೇಶ್ವರಯ್ಯನವರೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಜರಿಪೇಟ, ನಿಲುವಂಗಿ, ಶಿಸ್ತು, ಲೆಕ್ಕಾಚಾರ. ಇಷ್ಟೊಂದು ಲೆಕ್ಕದ ಮನುಷ್ಯರಿಗೆ ಹೃದಯದ ಮಾತು ಕೇಳಿಸುತ್ತಿತ್ತೇ ಎಂಬ ಸಂದೇಹ ಸಹಜ. ಅವರ ಬಾಳೇ ಅದಕ್ಕೆ ಉತ್ತರ ಹೇಳುತ್ತದೆ.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಪ್ರಾಂತದ ಸೇವೆಗೆ ಸೇರಿದರು. ಹೆಸರು ಬಂದಿತು, ಬಡ್ತಿಯೂ ಬಂದಿತು. ಆದರೆ ಆ ಪರಾಧೀನತೆಯ ಕಾಲದಲ್ಲಿ ಇಲಾಖೆಯ ಅತ್ಯುನ್ನತ ಪದವಿ ಭಾರತೀಯನಿಗೆ ದೊರೆಯುವಂತಿರಲಿಲ್ಲ. ಅದಕ್ಕಾಗಿ ಅವರು ಕೊರಗುತ್ತ ಕೂಡಲಿಲ್ಲ, ಕೂಗಾಡಲೂ ಇಲ್ಲ. 1908ರಲ್ಲಿ ಸೇವೆಯಿಂದ ಬಿಡುಗಡೆ ಪಡೆದು, ಹೊರದೇಶಗಳ ಕಾಮಗಾರಿಗಳನ್ನು ನೋಡಲು ಹೊರಟರು.

ಅದೇ ವರ್ಷ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ, ನಾವಿಂದು ನೆಲಸಿರುವ ಈ ಹೈದರಾಬಾದನ್ನು ಮುಳುಗಿಸಿತು. ಸಾವಿರಾರು ಜನ ಪ್ರಾಣ ಕಳೆದುಕೊಂಡರು. ನಿಜಾಮ್ ಸರಕಾರದ ಕರೆಯಂತೆ 1909ರಲ್ಲಿ ಅವರು ಇಲ್ಲಿಗೆ ಬಂದರು. ನೊಂದ ಊರಿಗೆ ಸಮಾಧಾನ ಹೇಳಿ, ದಡಗಳನ್ನು ಎತ್ತರಿಸಿ ಹೋಗಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಮಾತ್ರ ಮಳೆಯ ಅಳತೆಗಳನ್ನು ತರಿಸಿದರು. ಮೇಲ್ಗಡೆ ಒಡೆದುಹೋದ ಕೆರೆಗಳನ್ನು ಲೆಕ್ಕಕ್ಕೆ ಹಿಡಿದರು. ನೆರೆಯನ್ನು ಊರಿಗೆ ಬರುವ ಮೊದಲೇ ತಡೆಯಬೇಕೆಂದು ನಿಶ್ಚಯಿಸಿದರು. ಆ ಸಲಹೆಯ ಫಲವಾಗಿ 1920ರಲ್ಲಿ ಮೂಸಿಗೆ ಉಸ್ಮಾನ್ ಸಾಗರವೂ 1927ರಲ್ಲಿ ಈಸಿ ನದಿಗೆ ಹಿಮಾಯತ್ ಸಾಗರವೂ ಸಿದ್ಧವಾದವು. ಮರುಕಕ್ಕೆ ಲೆಕ್ಕ ಜೊತೆಯಾದದ್ದರಿಂದ, ಮುಂದೆ ಹುಟ್ಟುವವರಿಗೂ ರಕ್ಷೆ ದೊರೆಯಿತು.

1912ರಲ್ಲಿ ಮೈಸೂರಿನ ದಿವಾನಗಿರಿ ಒಲಿದು ಬಂದಾಗ ಅವರು ನಂಟರನ್ನು ಊಟಕ್ಕೆ ಕರೆದು, ತಮ್ಮಿಂದ ಯಾರೂ ಉಪಕಾರ ಬೇಡಬಾರದೆಂದು ಮೊದಲೇ ಕೇಳಿಕೊಂಡರೆಂಬ ಸಂಗತಿ ಪ್ರಸಿದ್ಧವಾಗಿದೆ. ಇದು ಕಲ್ಲುಹೃದಯದ ಮಾತಲ್ಲ. ನಮ್ಮವರು ಎದುರಿಗೆ ನಿಂತು ಬೇಡಿದರೆ ಇಲ್ಲವೆನ್ನುವುದು ಕಷ್ಟವೆಂದು ಬಲ್ಲವರ ಮಾತು. ನೆರೆ ಬಂದ ಮೇಲೆ ಕಟ್ಟೆ ಹಾಕಲಾಗದು.

ವಿವೇಕವೂ ಒಮ್ಮೊಮ್ಮೆ ಹೃದಯವನ್ನು ಕೇಳಬೇಕು. ಸರಕಾರಿ ಕೆಲಸಗಳಲ್ಲಿ ಹಿಂದುಳಿದವರಿಗೆ ಪಾಲು ಸಿಗಬೇಕೆಂದು ನಾಲ್ವಡಿ ಕೃಷ್ಣರಾಜ ಒಡೆಯರು ಬಯಸಿದಾಗ, ದಿವಾನರು ಅರ್ಹತೆಯೊಂದೇ ಅಳತೆಗೋಲೆಂದರು. ಓದಿನ ಬಾಗಿಲೇ ತೆರೆಯದಿದ್ದವರ ನೋವು ಆ ಅಳತೆಗೋಲಿಗೆ ಸಿಕ್ಕಿರಲಿಲ್ಲ. ಈ ವಿಷಯದಲ್ಲಿ ಅರಸರ ದೃಷ್ಟಿಯೇ ಹೆಚ್ಚು ವಿಶಾಲವಾಗಿತ್ತೆಂದು ಇಂದು ತೋರುತ್ತದೆ. ಒಮ್ಮತ ಬಾರದಿರಲು, ಅವರು 1918ರಲ್ಲಿ ಪದವಿಯನ್ನು ಬಿಟ್ಟರು.

1955ರಲ್ಲಿ ಭಾರತರತ್ನರಾದ ಅವರು 1962ರಲ್ಲಿ ತೀರಿಕೊಂಡರು. ಊರು ಬಿಟ್ಟು ಬಂದ ನಮಗೆ ದಿನವೂ ಇಂಥದೇ ಇಕ್ಕಟ್ಟು. ಊರಿನ ಸೆಳೆತಕ್ಕೆ ಸೋತು ಕೆಲಸ ಬಿಡುವುದೇ? ನಂಟರ ಮೋರೆ ನೋಡಿ ಸಾಲಕ್ಕೆ ಜಾಮೀನು ನಿಲ್ಲುವುದೇ? ಆಗ ಹೃದಯವನ್ನು ಬತ್ತಿಸಬೇಕಾಗಿಲ್ಲ. ಅದು ಹರಿಯಲಿ, ಅದಕ್ಕೊಂದು ಕಟ್ಟೆಯೂ ಇರಲಿ, ಕಟ್ಟೆಗೊಂದು ತೂಬೂ ಇರಲಿ.