ಬ್ರಿಟಿಷರಿಂದ ಸೇನೆಯ ಹೊಣೆ ಪಡೆದ ನಮ್ಮ ಕಾರ್ಯಪ್ಪ

ಚೆನ್ನೈಯಲ್ಲಿರುವ ನಮಗೆ ಸಂಕ್ರಾಂತಿ ಎಂದರೆ ಎಳ್ಳು-ಬೆಲ್ಲದ ಜೊತೆಗೆ ಪೊಂಗಲ್ ಸಂಭ್ರಮ. ಅದೇ ಹೊತ್ತಿಗೆ, ಜನವರಿ 15ರಂದು, ದೇಶ ಸೇನಾ ದಿನ ಆಚರಿಸುತ್ತದೆ. ಆ ದಿನದ ಹಿಂದಿರುವವರು ಕೊಡಗಿನಲ್ಲಿ ಹುಟ್ಟಿ, ಇದೇ ಊರಿನಲ್ಲಿ ಓದಿದ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ.

1899ರ ಜನವರಿ 28ರಂದು ಶನಿವಾರಸಂತೆಯಲ್ಲಿ ಜನಿಸಿದ ಅವರು ಮನೆಯವರಿಗೆ ಚಿಮ್ಮ. ಮಡಿಕೇರಿಯಲ್ಲಿ ಶಾಲೆ ಮುಗಿಸಿ, ಮರೀನಾ ಎದುರಿನ ಪ್ರೆಸಿಡೆನ್ಸಿ ಕಾಲೇಜಿಗೆ ಬಂದರು. ಅಲ್ಲಿಂದ ಇಂದೋರ್‌ನಲ್ಲಿ ತರಬೇತಿ ಪಡೆದು, 1919ರಲ್ಲಿ ಸೇನಾಧಿಕಾರಿಯಾದರು. ಆಗ ಸಿಪಾಯಿಗಳು ನಮ್ಮವರು, ಅಧಿಕಾರಿಗಳು ಹೆಚ್ಚುಕಡಿಮೆ ಎಲ್ಲರೂ ಬ್ರಿಟಿಷರು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜು ಸೇರಿದ ಮೊದಲ ಭಾರತೀಯ ಅಧಿಕಾರಿ ಕಾರ್ಯಪ್ಪ. 1942ರಲ್ಲಿ ಬೆಟಾಲಿಯನ್ ಒಂದರ ನಾಯಕತ್ವ ಪಡೆದ ಮೊದಲ ಭಾರತೀಯರೂ ಅವರೇ.

1947ರ ಆಗಸ್ಟ್ 15ಕ್ಕೆ ಬ್ರಿಟಿಷರೆಲ್ಲ ಹೊರಟುಹೋದರು ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ನಿಜ ಬೇರೆ. ಅವರ ಕೊನೆಯ ಪಡೆ ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾ ಮೂಲಕ ಹಡಗು ಹತ್ತಿದ್ದು 1948ರ ಫೆಬ್ರವರಿ 28ರಂದು. ಆಮೇಲೂ ನಮ್ಮ ಸೇನೆಯ ಮುಖ್ಯಸ್ಥರಾಗಿದ್ದವರು ಜನರಲ್ ರಾಯ್ ಬುಚರ್. ಭಾರತೀಯರಿಗೆ ದೊಡ್ಡ ಹುದ್ದೆಗಳು ತಡವಾಗಿ ಸಿಕ್ಕಿದ್ದರಿಂದ, ಅನುಭವ ಸಾಲದು ಎಂಬ ಮಾತಿತ್ತು. ಅವಕಾಶವನ್ನೇ ಕೊಡದೆ ಅನುಭವ ಕೇಳುವುದು ಎಂಥ ನ್ಯಾಯ! ಕಚೇರಿಗಳಲ್ಲಿ ದುಡಿಯುವ ನಮ್ಮಂಥ ಹೆಣ್ಣುಮಕ್ಕಳಿಗೆ ಇದು ಹೊಸ ಮಾತೇನಲ್ಲ.

ಕಾರ್ಯಪ್ಪನವರು ಕೆಲಸದಿಂದಲೇ ಉತ್ತರ ಕೊಟ್ಟರು. ವಿಭಜನೆಯ ವೇಳೆ ಸೇನೆಯನ್ನು ಹಂಚುವ ಕಷ್ಟದ ಕೆಲಸದಲ್ಲಿ ಪಾಲ್ಗೊಂಡರು. 1948ರಲ್ಲಿ ಅವರ ನೇತೃತ್ವದ ಪಶ್ಚಿಮ ವಲಯದ ಪಡೆಗಳು ಜೋಜಿಲಾ, ದ್ರಾಸ್, ಕಾರ್ಗಿಲ್‌ಗಳನ್ನು ಮರಳಿ ಪಡೆದವು. 1949ರ ಜನವರಿ 15ರಂದು ಬುಚರ್ ಅವರಿಂದ ಅಧಿಕಾರ ಸ್ವೀಕರಿಸಿ, ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದರು.

ಕುರ್ಚಿಯಲ್ಲಿ ಕೂತವರು ಬದಲಾದರಷ್ಟೇ ಸಾಲದು ಎಂಬುದು ಅವರಿಗೆ ತಿಳಿದಿತ್ತು. ಬ್ರಿಟಿಷರು ಜಾತಿ, ಪ್ರಾಂತ ನೋಡಿ ರೆಜಿಮೆಂಟ್ ಕಟ್ಟಿದ್ದರು. ಇವರು ಅದೇ ವರ್ಷ ಎಲ್ಲ ಪ್ರಾಂತ, ಸಮುದಾಯದವರೂ ಒಟ್ಟಿಗಿರುವ ಗಾರ್ಡ್ಸ್ ಬ್ರಿಗೇಡ್ ಕಟ್ಟಿದರು. ಸೇನೆಯನ್ನು ರಾಜಕೀಯದಿಂದ ದೂರವಿಟ್ಟರು. 1953ರಲ್ಲಿ ನಿವೃತ್ತರಾದರು. 1965ರ ಯುದ್ಧದಲ್ಲಿ ವಾಯುಪಡೆಯಲ್ಲಿದ್ದ ಮಗ ಪಾಕಿಸ್ತಾನದಲ್ಲಿ ಸೆರೆಯಾದ. ಹಳೆಯ ಪರಿಚಯದ ಅಯೂಬ್ ಖಾನ್ ಬಿಡುಗಡೆ ಮಾಡಲು ಮುಂದಾದರೂ, ಉಳಿದ ಯೋಧರಿಗಿಲ್ಲದ ವಿನಾಯಿತಿ ತಮ್ಮ ಮಗನಿಗೆ ಬೇಡವೆಂದರು. ತಂದೆಯ ಕರುಳು ಎಷ್ಟು ಕಿವುಚಿರಬೇಕು!

1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಪಡೆದ ಅವರು 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅದಕ್ಕೆ ಹಿಂದಿನ ವರ್ಷವಷ್ಟೇ ನಮ್ಮ ಸೇಂಟ್ ಥಾಮಸ್ ಮೌಂಟ್ ಬಳಿಯ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ ಹೆಣ್ಣುಮಕ್ಕಳಿಗೆ ತರಬೇತಿ ಶುರುವಾಗಿತ್ತು. ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ಮಕ್ಕಳಿಗೆ ಕೊಡಗಿನ ಚಿಮ್ಮನ ಕಥೆ ಹೇಳೋಣ.