ದೂರುಗಳಿಂದ ಹುಟ್ಟಿದ ಕಾರು

ರೋಲ್ಸ್ ರಾಯ್ಸ್ ಅಂದಕೂಡಲೇ ಕಣ್ಮುಂದೆ ಬರೋದು ಮಹಾರಾಜರು, ಸಿನಿಮಾ ತಾರೆಯರು, ಕೋಟಿಗಳ ಲೆಕ್ಕ. ಆ ಜೋಡಿ ಹೆಸರಿನ ಚಾರ್ಲ್ಸ್ ರೋಲ್ಸ್ ಶ್ರೀಮಂತ ಮನೆತನದವನು, ಕೇಂಬ್ರಿಜ್‌ನಲ್ಲಿ ಓದಿದವನು. ಆದರೆ ಕಾರು ಕಟ್ಟಿದವನು ಇನ್ನೊಬ್ಬ, ಹೆನ್ರಿ ರಾಯ್ಸ್. ಆತ ಶಾಲೆಗೆ ಹೋಗಿದ್ದು ಸುಮಾರು ಒಂದು ವರ್ಷ ಅಷ್ಟೇ. ಎಂಜಿನಿಯರಿಂಗ್ ಡಿಗ್ರಿ ಇಟ್ಟುಕೊಂಡು ಸುದ್ದಿಮನೆ ಸೇರಿದ ನನ್ನನ್ನು ಈತನ ಬದುಕು ಪದೇ ಪದೇ ಕಾಡುತ್ತದೆ.

ರಾಯ್ಸ್ ಹುಟ್ಟಿದ್ದು 1863ರಲ್ಲಿ, ಇಂಗ್ಲೆಂಡಿನ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ. ಅಪ್ಪ ಹಿಟ್ಟಿನ ಗಿರಣಿ ನಡೆಸಿ ಕೈಸುಟ್ಟುಕೊಂಡವನು. ಆತ ತೀರಿಕೊಂಡಾಗ ಹುಡುಗನಿಗೆ ಒಂಬತ್ತು ವರ್ಷ. ಹುಡುಗ ಲಂಡನ್ನಿನಲ್ಲಿ ಪೇಪರ್ ಮಾರಿದ, ಟೆಲಿಗ್ರಾಂ ಹಂಚಿದ. ಬಂಧುವೊಬ್ಬಳು ದುಡ್ಡು ಕೊಟ್ಟಿದ್ದರಿಂದ ರೈಲ್ವೆ ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಆದ; ಮೂರು ವರ್ಷಕ್ಕೆ ದುಡ್ಡೂ ಮುಗಿಯಿತು, ತರಬೇತಿಯೂ ನಿಂತಿತು. 1884ರಲ್ಲಿ ಗೆಳೆಯ ಅರ್ನೆಸ್ಟ್ ಕ್ಲೇರ್‌ಮಾಂಟ್ ಜತೆ ಮ್ಯಾಂಚೆಸ್ಟರಿನಲ್ಲಿ ಪುಟ್ಟ ಕಾರ್ಖಾನೆ ತೆರೆದ. ಮೊದಲು ಕಾಲಿಂಗ್ ಬೆಲ್ಲು, ಆಮೇಲೆ ಡೈನಮೊ, ವಿದ್ಯುತ್ ಕ್ರೇನು.

ಕಾರಿನ ಕಥೆ ಶುರುವಾಗೋದು ಆತ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿಯಿಂದ. ಅದು ಫ್ರಾನ್ಸಿನ ಡೆಕೊವಿಲ್. ಆ ಕಾಲಕ್ಕೆ ಕೆಟ್ಟ ಕಾರೇನಲ್ಲ. ಆದರೆ ಅದರ ಸದ್ದು, ನಡುಕ, ವಿದ್ಯುತ್ ಜೋಡಣೆ ಯಾವುದೂ ರಾಯ್ಸ್‌ಗೆ ಹಿಡಿಸಲಿಲ್ಲ. ನಾವಾಗಿದ್ದರೆ ಮಾರಿದವನಿಗೆ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದೆವು. ಆತ ಇಡೀ ಗಾಡಿ ಬಿಚ್ಚಿ ಹರವಿಕೊಂಡ. ಒಂದೊಂದೇ ಭಾಗವನ್ನು ತನಗೆ ಸರಿಕಂಡಂತೆ ಮಾಡುತ್ತ ಹೋದ. 1904ರ ಏಪ್ರಿಲ್‌ನಲ್ಲಿ ಆತನದೇ ಕಾರು ರಸ್ತೆಗಿಳಿಯಿತು. ಮುಂದಿನ ತಿಂಗಳೇ ರೋಲ್ಸ್‌ನ ಭೇಟಿ.

1907ರಲ್ಲಿ ಸಿಲ್ವರ್ ಘೋಸ್ಟ್ ಸುಮಾರು 24,000 ಕಿಲೋಮೀಟರ್ ಪರೀಕ್ಷೆಯಲ್ಲಿ ಓಡಿತು. ಕೊನೆಯಲ್ಲಿ ಬಿಚ್ಚಿ ನೋಡಿದರೆ, ಸವೆದ ಭಾಗಗಳನ್ನು ಸರಿಪಡಿಸಲು ಬೇಕಾದದ್ದು ಎರಡು ಪೌಂಡ್ ಚಿಲ್ಲರೆ!

ಅಂಥ ಕಾರೂ ಸೋತಿದೆ. 1912ರ ಆಲ್ಪ್ಸ್ ಸ್ಪರ್ಧೆಯಲ್ಲಿ ಜೇಮ್ಸ್ ರ‍್ಯಾಡ್ಲಿ ಎಂಬ ಮಾಲೀಕನ ಗಾಡಿ ಆಸ್ಟ್ರಿಯಾದ ಕಾಟ್ಸ್‌ಬರ್ಗ್ ಘಾಟಿ ಹತ್ತಲಾಗದೆ ನಿಂತುಬಿಟ್ಟಿತು. ಮೂರೇ ಗೇರು, ಕಡಿದಾದ ಏರು. ಓಡಿಸಿದವನದೇ ತಪ್ಪು ಅಂತ ಕಂಪನಿ ಕೈತೊಳೆದುಕೊಳ್ಳಲಿಲ್ಲ. ಮರುವರ್ಷ ನಾಲ್ಕು ಗೇರಿನ ಕಾರುಗಳು ಅದೇ ಸ್ಪರ್ಧೆಗೆ ಹೋಗಿ ಹೆಸರು ಉಳಿಸಿದವು.

ಈ ಹಟಕ್ಕೆ ರಾಯ್ಸ್ ತೆತ್ತ ಬೆಲೆಯೂ ದೊಡ್ಡದು. ಊಟ, ನಿದ್ದೆ ಬಿಟ್ಟು ದುಡಿದ, ಜತೆಯವರನ್ನೂ ಹಾಗೇ ದುಡಿಸಿದ. 1910ರಲ್ಲಿ ರೋಲ್ಸ್ ವಿಮಾನ ಅಪಘಾತದಲ್ಲಿ ಸತ್ತ; ಮರುವರ್ಷ ರಾಯ್ಸ್ ಹಾಸಿಗೆ ಹಿಡಿದ. ಆಮೇಲಿನ ಎರಡು ದಶಕ ಡರ್ಬಿಯ ಕಾರ್ಖಾನೆಯಿಂದ ದೂರವಿದ್ದು, ಮನೆಯಿಂದಲೇ ವಿನ್ಯಾಸ ನಡೆಸಿದ. 1933ರ ಏಪ್ರಿಲ್ 22ರಂದು ತೀರಿಕೊಂಡ.

ಈಗ ಹಳೆ ರೋಲ್ಸ್ ರಾಯ್ಸ್ ಕೊಂಡವರ ಪಾಡು ನೋಡಿ. 1965ರಲ್ಲಿ ಬಂದ ಸಿಲ್ವರ್ ಶ್ಯಾಡೋ ಅಗ್ಗಕ್ಕೆ ಸಿಕ್ಕಿತು ಅಂತ ತರುತ್ತಾರೆ. ಅದರ ಬ್ರೇಕು, ಹಿಂಬದಿ ಎತ್ತರ ಕಾಯುವ ವ್ಯವಸ್ಥೆ ಎರಡೂ ಹೆಚ್ಚಿನ ಒತ್ತಡದ ಹೈಡ್ರಾಲಿಕ್ಸ್‌ನಲ್ಲಿ ನಡೆಯುತ್ತವೆ. ಅದರ ಬ್ರೇಕ್ ದ್ರವ ಗಾಳಿಯ ತೇವ ಹೀರುತ್ತದೆ. ಕಾಲಕಾಲಕ್ಕೆ ಬದಲಿಸದಿದ್ದರೆ ಒಳಗೊಳಗೇ ತುಕ್ಕು, ಸೀಲುಗಳು ಸೋರಿಕೆ. 1980ರ ನಂತರದ ಮಾದರಿಗಳಿಗೆ ಮಿನರಲ್ ಆಯಿಲ್ ಬೇಕು. ಅಪ್ಪಿತಪ್ಪಿ ಬ್ರೇಕ್ ದ್ರವ ಸುರಿದರೆ ಸೀಲುಗಳ ಕಥೆ ಮುಗೀತು. ಕಾರಿನ ಬೆಲೆ ಇಳಿದಿರಬಹುದು, ಅದು ಕೇಳುವ ಆರೈಕೆ ಇಳಿದಿಲ್ಲ.

ನನಗೆ ರಾಯ್ಸ್ ಮುಖ್ಯ ಅನ್ನಿಸೋದು ಇಲ್ಲೇ. ನಮ್ಮಲ್ಲಿ ಸ್ಕೂಟರ್ ಕೆಟ್ಟರೂ ಮೊದಲ ಅನುಮಾನ ಗ್ರಾಹಕನ ಮೇಲೆ: ನೀವು ಓಡಿಸೋದೇ ಸರಿಯಿಲ್ಲ ಸಾರ್. ಕೈಗೆ ಗ್ರೀಸ್ ಹತ್ತಿದವನು ಮೆಕ್ಯಾನಿಕ್, ಏಸಿ ರೂಮಿನಲ್ಲಿ ಕೂತವನು ಎಂಜಿನಿಯರ್. ಈ ಎರಡು ಅಹಂಕಾರವೂ ಇಲ್ಲದ ಕಡೆ ಜಗತ್ತಿನ ಅತಿ ದುಬಾರಿ ಹೆಸರೊಂದು ಹುಟ್ಟಿತು. ದೂರು ಕೇಳಿಸಿಕೊಳ್ಳಲು ಡಿಗ್ರಿ ಬೇಕಿಲ್ಲ, ಕೋಟಿಯೂ ಬೇಕಿಲ್ಲ.